ಚಿತ್ರಭಾನು ಸಂವತ್ಸರದ ತಲೆ

ಕಾಶಿವಾ
19 ಏಪ್ರಿಲ್ 2020

ಮೈತ್ರೇಯಿಗೆ ಅಜ್ಜಿ ಬರೆಯುವುದು.

ನೀನು ಚೆನ್ನಾಗಿರು. ನಾನು ಚೆನ್ನಾಗಿದ್ದೇನೋ ಇಲ್ಲವೋ ಅನ್ನುವುದು ನನಗಿಂತ ನಿನಗೇ ಹೆಚ್ಚು ಗೊತ್ತಿರುವ ಹಾಗೆ ಕಾಣುತ್ತದೆ. ಅದಕ್ಕೇ ಈ ಕಾಗದ.

ಫೋನ್ ಯಾಕೆ ಮಾಡಲಿಲ್ಲ ಅಂತ ಕೇಳಬೇಡ. ನಾನು ಫೋನ್ ಹಿಡಿದರೆ ಸಾಕು, ನಿನ್ನ ಲೀಲತ್ತೆ ಎಲ್ಲಿದ್ದರೂ ಬಂದು ಸ್ಪೀಕರ್ ಒತ್ತುತ್ತಾಳೆ. "ನಿಮಗೆ ಸರಿಯಾಗಿ ಕೇಳಿಸ್ಲಿ ಅಂತ ಅತ್ತೆ" ಅನ್ನುತ್ತಾಳೆ. ನನ್ನ ಕಿವಿಗೇನಾಗಿದೆ? ಪಕ್ಕದ ಮನೆಯ ಮುದುಕ ಎಷ್ಟು ಸಲ ಕೆಮ್ಮಿದ ಅಂತ ಗೋಡೆಯ ಈಚೆಯಿಂದ ಹೇಳುತ್ತೇನೆ. ಫೆಬ್ರವರಿಯಲ್ಲಿ ಫುಕುವೋಕಾಕ್ಕೆ ಬಂದಿದ್ದಾಗ ಜಪಾನೀಯಲ್ಲಿ ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ ಒಂದು ಕಟ್ಟು ಲಕೋಟೆ ಕೊಟ್ಟೆಯಲ್ಲ, ಈಗ ಅದೇ ಗತಿ. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ. ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನ ಊರಿಂದ ವಾಪಸು ಬಂದಮೇಲೆ ಈ ಮನೆ ನನ್ನನ್ನು ನೋಡುವ ರೀತಿಯೇ ಬೇರೆಯಾಗಿದೆ. ನಾನು ಸಾರಿಗೆ ಒಗ್ಗರಣೆ ಹಾಕಲು ಹೋದರೆ ಒಲೆ ಹತ್ತುವುದಿಲ್ಲ. ಲೀಲಾ ಗ್ಯಾಸಿನ ವಾಲ್ವ್ ಮುಚ್ಚಿಟ್ಟಿರುತ್ತಾಳೆ. ಬಚ್ಚಲ ಬಾಗಿಲಿಗೆ "ಬಚ್ಚಲು" ಅಂತ ಚೀಟಿ ಅಂಟಿಸಿದ್ದಾಳೆ. ನಲ್ಲಿಯ ಮೇಲೊಂದು ಚೀಟಿ, ಫ್ರಿಜ್ಜಿನ ಮೇಲೊಂದು. ಒಂದರಲ್ಲೂ ಒತ್ತಕ್ಷರ ನೆಟ್ಟಗಿಲ್ಲ. ಇವಳು ಎಂ.ಟೆಕ್ಕು!

ಅದೆಲ್ಲ ಹಾಳಾಗಲಿ. ಮಗಳು ಸಾಹಿತ್ಯಳನ್ನು ನನ್ನ ಹತ್ತಿರ ಬಿಡುತ್ತಿಲ್ಲ ಕಣೇ. ಹುಟ್ಟಿದ ಹನ್ನೊಂದನೇ ದಿನದಿಂದ ನಾನು ಎತ್ತಿ ಆಡಿಸಿದ ಕೂಸು. ಫೆಬ್ರವರಿಯವರೆಗೆ ದಿನಾ ಬೆಳಿಗ್ಗೆ ನಾವಿಬ್ಬರೇ ಪಾರ್ಕಿಗೆ ಹೋಗುತ್ತಿದ್ದೆವು. ಈಗ ನಾನು ಮಗುವಿಗೆ ಕತೆ ಹೇಳಲು ಕೂತರೆ ಲೀಲಾ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ಪಕ್ಕದಲ್ಲೇ ಕೂರುತ್ತಾಳೆ. ಮಿನಾಟೋದ ಆಫೀಸು ಮುಚ್ಚಿ ಮನೆಯಿಂದಲೇ ಕೆಲಸ ಅಂತೆ. ಕೆಲಸ ಮಾಡುವವಳ ಕಣ್ಣು ನನ್ನ ಮೇಲಿರುತ್ತದೆಯೇ? ನಿನ್ನ ನಂಜುಂಡ ಮಾವನನ್ನು ಕೇಳಿದರೆ "ಎಲ್ಲ ಕೊರೊನಾಕ್ಕೆ ಅಮ್ಮ" ಅಂದ. ಕೊರೊನಾ ಒಗ್ಗರಣೆಯಿಂದ ಬರುತ್ತದೇನು?

ನೀನು ಅವನಿಗೆ ಏನು ಹೇಳಿದ್ದೀಯ? ನೆಟ್ಟಗೆ ಉತ್ತರ ಬರಿ.

ನಿನ್ನ ಅಜ್ಜಿ
ವಿಶಾಲಾಕ್ಷಿ

*

ಫುಕುವೋಕಾ
27 ಏಪ್ರಿಲ್ 2020

ಪ್ರೀತಿಯ ಅಜ್ಜಿ,

ನಿನ್ನ ಕಾಗದ ನೋಡಿ ಎಷ್ಟು ಖುಷಿಯಾಯಿತು ಗೊತ್ತಾ! ನಿನ್ನ ಅಕ್ಷರ ಈಗಲೂ ದುಂಡಗಿದೆ. ಇಲ್ಲೂ ಎಮರ್ಜೆನ್ಸಿ ಘೋಷಿಸಿದ್ದಾರೆ. ಯೂನಿವರ್ಸಿಟಿಯ ಸ್ಕ್ಯಾನಿಂಗ್ ಯಂತ್ರ ನಿಂತಿದೆ. ವಯಸ್ಸಾದವರನ್ನು ಕರೆಸುವ ಹಾಗಿಲ್ಲ. ಮನೆಯಲ್ಲೇ ಕೂತು ಆ ಯಂತ್ರ ತೆಗೆದ ಹಳೆಯ ಚಿತ್ರಗಳನ್ನು ನೋಡುತ್ತಿದ್ದೇನೆ.

ಮಾವ, ಅತ್ತೆಗೆ ನಿನ್ನ ಬಗ್ಗೆ ಕಾಳಜಿ, ಅಷ್ಟೇ. ಈ ರೋಗ ಹಿರಿಯರಿಗೆ ಹೆಚ್ಚು ಅಪಾಯ. ಬೇಜಾರು ಮಾಡಿಕೊಳ್ಳಬೇಡ. ಚೆನ್ನಾಗಿ ನಿದ್ದೆ ಮಾಡು, ಬಾದಾಮಿ ತಿನ್ನು.

ಮುಂದಿನ ಕಾಗದದಲ್ಲಿ ಒಂದಿಷ್ಟು ವಿಷಯ ಬರೆಯುತ್ತೀಯಾ? ಕಳೆದ ಮಂಗಳವಾರ ತಿಂಡಿ ಏನು ತಿಂದಿರಿ, ಮಧ್ಯಾಹ್ನ ಯಾರು ಫೋನ್ ಮಾಡಿದ್ದರು, ಹಾಗೆ ಸುಮ್ಮನೆ. ಮತ್ತೆ ಸಾಹಿತ್ಯಗೆ ತೋರಿಸಲು ಕಾಗದದ ಮೇಲೆ ಒಂದು ಗಡಿಯಾರ ಬರೆದು, ಮುಳ್ಳು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಇಡು. ನನಗೂ ಕಳಿಸು, ಮುದ್ದಾಗಿರುತ್ತದೆ.

ನಿನ್ನ
ಮೈತ್ರಿ

*

ಕಾಶಿವಾ
6 ಮೇ 2020

ಮೈತ್ರೇಯಿ,

ಗಡಿಯಾರ ಬರೆಯುವುದಿಲ್ಲ. ಈ ಮನೆಯಲ್ಲಿ ಗೋಡೆಗೆರಡು, ಒಲೆಗೊಂದು, ಅನ್ನದ ಕುಕ್ಕರಿಗೊಂದು ಗಡಿಯಾರ ಇದೆ. ಮಗುವಿಗೆ ಬೇಕಾದರೆ ಅದನ್ನೇ ತೋರಿಸುತ್ತೇನೆ.

ಮಂಗಳವಾರ ಏನು ತಿಂದೆ ಅಂತ ಕೇಳುತ್ತೀಯಲ್ಲ, ನೀನೇನು ಇನ್ಸ್‌ಪೆಕ್ಟರೇ? ಅವಲಕ್ಕಿ ತಿಂದೆ. ಉಪ್ಪು ಕಡಿಮೆಯಿತ್ತು. ಲೀಲಾ ಮಾಡಿದ್ದು. ಮಧ್ಯಾಹ್ನ ಯಾರೂ ಫೋನ್ ಮಾಡಲಿಲ್ಲ, ಯಾಕೆಂದರೆ ನೀನು ಮಾಡಲಿಲ್ಲ.

ಇಪ್ಪತ್ತೇಳು ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ಸಾಕಿದವಳು ನಾನು. ಒಂದು ಮಗುವಿನ ಬಗ್ಗೆ ನಮಗೆ ಅನುಮಾನ ಬಂದರೆ ಹೀಗೇ ಮಾಡುತ್ತಿದ್ದೆವು. "ಪುಟ್ಟಾ, ಒಂದು ಕಾಗೆ ಬರಿ, ಮುದ್ದಾಗಿರುತ್ತೆ" ಅಂತ ಪುಸಲಾಯಿಸಿ, ಅದು ಬರೆಯುವ ಹೊತ್ತಿಗೆ ಅದರ ಕೈ ನೋಡುತ್ತಿದ್ದೆವು. ನಿನ್ನ ಮುದ್ದು ನನಗೆ ಅರ್ಥವಾಗುವುದಿಲ್ಲ ಅಂದುಕೊಂಡೆಯಾ?

ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಬರಲಿಲ್ಲ. ಬಾದಾಮಿ ನೀನೇ ತಿನ್ನು.

ಅಜ್ಜಿ

*

ಕಾಶಿವಾ
24 ಮೇ 2020

ಮೈತ್ರೇಯಿ,

ಹದಿನೆಂಟು ದಿನ ಕಾದೆ. ನಿನ್ನ ಉತ್ತರ ಬರಲಿಲ್ಲ, ಬೇರೆ ಕಡೆಯಿಂದ ಬಂತು. ಎಲ್ಲಿಂದ ಅಂತ ಕೇಳು. ಕಂಬದ ಮೇಲಿಂದ.

ಇಲ್ಲಿ ಬೀದಿ ಬೀದಿಗೂ ಕಂಬ ನೆಟ್ಟು ಮೈಕು ಕಟ್ಟಿದ್ದಾರಲ್ಲ, ದಿನಾ ಸಾಯಂಕಾಲ ಮಕ್ಕಳು ಮನೆಗೆ ಹೋಗಲಿ ಅಂತ ಹಾಡು ಹಾಕುತ್ತದೆ. ಮೊನ್ನೆ ಶುಕ್ರವಾರ ನಿನ್ನ ಮಾವ ಒಂದು ಕೋಣೆಯಲ್ಲಿ ಮೀಟಿಂಗು, ಲೀಲಾ ಇನ್ನೊಂದು ಕೋಣೆಯಲ್ಲಿ ಮೀಟಿಂಗು. ಮಗು ಸೋಫಾದ ಮೇಲೆ ಬಿದ್ದುಕೊಂಡು "ಅಜ್ಜಿ, ಬೋರಿಂಗ್" ಅಂತ ಅಳುತ್ತಿತ್ತು. ಇಬ್ಬರ ಮುಖಕ್ಕೂ ಸರ್ಕಾರ ಕಳಿಸಿದ ಬಟ್ಟೆ ಮಾಸ್ಕು ಕಟ್ಟಿದೆ. ಕೈ ಹಿಡಿದುಕೊಂಡು, ಯಾವತ್ತೂ ಹೋಗುವ ಪಾರ್ಕಿಗೆ ಯಾವತ್ತಿನ ದಾರಿಯಲ್ಲೇ ಹೋದೆ. ಜಾರುಬಂಡಿಗೆ ಹಳದಿ ಪಟ್ಟಿ ಸುತ್ತಿದ್ದರು. ಮರದ ಕೆಳಗೆ ಕೂತು ಸಾಹಿತ್ಯಗೆ ಕಲ್ಲಾಟ ಹೇಳಿಕೊಟ್ಟೆ. ಐದು ಕಲ್ಲು ಆಯ್ದು, ತೂರಿ, ಹಿಡಿದು ತೋರಿಸಿದೆ. ಕೈ ತಪ್ಪಲಿಲ್ಲ, ನೆನಪಿಟ್ಟುಕೋ.

ಅಷ್ಟರಲ್ಲಿ ಕಂಬ ಮಾತಾಡಿತು. ಹೆಂಗಸಿನ ಗೊಂಬೆದನಿ, ನಿಧಾನವಾಗಿ ಎರಡೆರಡು ಸಲ. ಮಗು ಕಲ್ಲು ಬಿಟ್ಟು ಕಿವಿಗೊಟ್ಟಿತು.

"ಅಜ್ಜಿ, ಯಾರೋ ಲಾಸ್ಟ್ ಆಗಿದಾರಂತೆ. ಓಬಾಸಾನ್. ಸಿಕ್ಸ್ಟಿ ಸೆವೆನ್."

"ಪಾಪ. ಯಾರ ಮನೆ ಮುದುಕಿಯೋ" ಅಂದೆ.

"ಗ್ರೀನ್ ಡ್ರೆಸ್, ಗ್ರೇ ಸ್ವೆಟರ್. ಇಂಡೋಜಿನ್, ಇಂಡಿಯನ್. ಒಂದು ಗರ್ಲ್ ಇದೆ ಜೊತೇಲಿ." ನನ್ನ ಸೀರೆ ನೋಡಿದಳು, ಸ್ವೆಟರ್ ನೋಡಿದಳು. "ಅಜ್ಜಿ! ಇಟ್ಸ್ ಅಸ್!"

ಅವಳಿಗೆ ಚಪ್ಪಾಳೆ ತಟ್ಟುವಷ್ಟು ಸಂತೋಷ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾಯಿ ಹಿಡಿದುಕೊಂಡು ಬಂದ ಹೆಂಗಸೊಬ್ಬಳು "ಸುಮಿಮಾಸೆನ್, ಸುಮಿಮಾಸೆನ್" ಅಂತ ಕ್ಷಮೆ ಕೇಳುತ್ತಾ ಬಗ್ಗಿ ಬಗ್ಗಿ ಎರಡು ಮಾರು ದೂರದಲ್ಲೇ ನನ್ನನ್ನು ಕಾದು ನಿಂತಳು. ಪೊಲೀಸಿನವನು ಬಂದ. ಮಂಡಿಯೂರಿ ಕೂತು ಏನೇನೋ ವಿಚಾರಿಸಿದ. ಯಾರನ್ನು? ನನ್ನನ್ನಲ್ಲ, ಮಗುವನ್ನು. ಐದು ವರ್ಷದ ಕೂಸು ನನಗೆ ಜಾಮೀನು ಕೊಟ್ಟು ಮನೆಗೆ ಕರೆತಂದಿತು.

ಮನೆಯಲ್ಲಿ ನಿನ್ನ ಮಾವ ಬೆವತು ನಿಂತಿದ್ದ. "ಏನಾದ್ರೂ ಆಗಿದ್ರೆ ಅಮ್ಮಾ? ರೋಡ್ ಮಧ್ಯೆ ನೀನು ಮರೆತು ನಿಂತುಬಿಟ್ಟಿದ್ರೆ?"

"ಏನ್ ಮರೀತೀನೋ ನಾನು?"

ಅವನು ಲೀಲಾಳ ಮುಖ ನೋಡಿದ. ಉತ್ತರ ಕೊಟ್ಟವಳು ಸಾಹಿತ್ಯ. "ಮಮ್ಮಿ ಫೋನಲ್ಲಿ ಹೇಳ್ತಾಳೆ, ಅಜ್ಜಿ ನಿಂಚಿಶೋ ಅಂತ." ಲೀಲಾ ಅವಳನ್ನು ದರದರ ಒಳಗೆ ಎಳೆದುಕೊಂಡು ಹೋದಳು.

ಆ ಜಪಾನೀ ಮಾತಿನ ಅರ್ಥ ಏನು? ಮನೆಯಲ್ಲಿ ಯಾರೂ ಹೇಳುತ್ತಿಲ್ಲ. ಅವಲಕ್ಕಿ, ಗಡಿಯಾರ ಎಲ್ಲ ಬಿಟ್ಟು ಇದೊಂದಕ್ಕೆ ಉತ್ತರ ಬರಿ. ಬರೆಯದಿದ್ದರೆ ನಾನು ನಿನ್ನ ಅಜ್ಜಿಯಲ್ಲ, ನೀನು ನನ್ನ ಮೊಮ್ಮಗಳಲ್ಲ.

ವಿಶಾಲಾಕ್ಷಿ

*

ಫುಕುವೋಕಾ
31 ಮೇ 2020

ಅಜ್ಜಿ,

ನಿಂಚಿಶೋ ಅಂದರೆ ಅರಳುಮರುಳಿನ ಕಾಯಿಲೆ. ನೆನಪು, ಬುದ್ಧಿ ಮೆಲ್ಲಗೆ ಕುಂದುವ ರೋಗ.

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇನ್ನು ಮುಚ್ಚಿಡುವುದಿಲ್ಲ.

ಫೆಬ್ರವರಿಯಲ್ಲಿ ನಮ್ಮ ಲ್ಯಾಬಿನ ಆ ಕೊಳವೆಯಂಥ ಯಂತ್ರದಲ್ಲಿ ನಲವತ್ತು ನಿಮಿಷ ಮಲಗಿದ್ದೆಯಲ್ಲ, ಅದು ಮಿದುಳಿನ ಚಿತ್ರ ತೆಗೆಯುತ್ತದೆ. ಮರೆವು ಹೊರಗೆ ಕಾಣುವುದಕ್ಕೆ ವರ್ಷಗಟ್ಟಲೆ ಮೊದಲೇ ಮಿದುಳಿನಲ್ಲಿ ನೆನಪಿನ ಜಾಗ ಕುಗ್ಗಲು ಶುರುವಾಗುತ್ತದೆ. ಅದನ್ನು ಮೊದಲೇ ಕಂಡುಹಿಡಿಯುವುದೇ ನನ್ನ ಕೆಲಸ. ಅದಕ್ಕೆ ಕಾಯಿಲೆ ಇಲ್ಲದವರ ಚಿತ್ರವೂ ಬೇಕು. "ನಮ್ಮಜ್ಜಿ ಗಟ್ಟಿಮುಟ್ಟು" ಅಂತ ನಮ್ಮ ಲ್ಯಾಬಿನ ಮುಖ್ಯಸ್ಥರಾದ ಮೊರಿತಾ ಸಾನ್ ಮುಂದೆ ಜಂಬ ಕೊಚ್ಚಿ ನಿನ್ನನ್ನು ಕರೆತಂದೆ.

ಕಂಪ್ಯೂಟರ್ ನಿನ್ನ ಚಿತ್ರವನ್ನು ನಿನ್ನದೇ ವಯಸ್ಸಿನ ನೂರಾರು ಜನರ ಚಿತ್ರದ ಜೊತೆ ಹೋಲಿಸಿ ನೋಡುತ್ತದೆ. ಅರವತ್ತೇಳು ವರ್ಷದವರಿಗೆ ಇರಬೇಕಾದಷ್ಟು ನಿನ್ನ ನೆನಪಿನ ಜಾಗ ಇಲ್ಲ ಅಜ್ಜಿ. ಬಹಳ ಕುಗ್ಗಿದೆ. ನೋಡಿದ ದಿನ ನಾನು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಅತ್ತೆ.

ಸಂಶೋಧನೆಗೆ ಬಂದವರಿಗೆ ಫಲಿತಾಂಶ ಹೇಳಬಾರದು ಅನ್ನುವುದು ನಮ್ಮ ನಿಯಮ. ಹಾಗಾಗಿ ನಿನಗೆ ಹೇಳಲಿಲ್ಲ. ಆದರೆ ಮನೆಯಲ್ಲಿ ಗ್ಯಾಸ್ ಇದೆ, ಚಿಕ್ಕ ಮಗು ಇದೆ. ಹೆದರಿಕೆಯಾಗಿ ಮಾವನಿಗೆ ಹೇಳಿದೆ. ನಿನ್ನ ಮನಸ್ಸಿಗೆ ನೋವಾಗಬಾರದು ಅಂತ ಎಲ್ಲರೂ ಸೇರಿ ಮುಚ್ಚಿಟ್ಟೆವು. ಕ್ಷಮಿಸು.

ಮೈತ್ರಿ

*

ಕಾಶಿವಾ
8 ಜೂನ್ 2020

ಎಲೌ ಮೈತ್ರೇಯಿ,

ಯಾರಿಗೆ ಅರವತ್ತೇಳು?

ನಿನ್ನ ಹೆತ್ತಮ್ಮನಿಗೆ ಈಗೆಷ್ಟು ವಯಸ್ಸು? ಐವತ್ತೆಂಟು. ಮೈಸೂರಿಗೆ ಫೋನ್ ಮಾಡಿ ಬೇಕಾದರೆ ಕೇಳು. ಅರವತ್ತೇಳರಲ್ಲಿ ಐವತ್ತೆಂಟು ಕಳೆ. ಕಳೆದೆಯಾ? ನಾನು ಒಂಬತ್ತನೇ ವಯಸ್ಸಿಗೆ ನಿಮ್ಮಮ್ಮನನ್ನು ಹೆತ್ತೆನೇನೇ? ಮಿದುಳಿನ ಮಡಿಕೆ ಮಡಿಕೆ ಎಣಿಸುವವಳಿಗೆ ಈ ಕಳೆಯುವ ಲೆಕ್ಕ ಬರಲಿಲ್ಲವಾ? ನಿಂಚಿಶೋ ಯಾರಿಗೆ, ನನಗಾ, ನಿನಗಾ?

ನಾನು ಹುಟ್ಟಿದ್ದು ಚಿತ್ರಭಾನು ಸಂವತ್ಸರದ ಭಾದ್ರಪದದಲ್ಲಿ. ಈ ಭಾದ್ರಪದಕ್ಕೆ ಎಪ್ಪತ್ತೆಂಟು ತುಂಬುತ್ತದೆ.

ನಿಮ್ಮ ತಾತ ಹೋದಾಗ ನನಗೆ ನಲವತ್ತೆರಡು, ಕಂಕುಳಲ್ಲಿ ನಿನ್ನ ಮಾವ. ನರಸೀಪುರದ ಕಡೆ ಅಂಗನವಾಡಿಗೆ ಸಹಾಯಕಿ ಬೇಕು ಅಂದರು. ವಯಸ್ಸು ಮೂವತ್ತೈದರ ಒಳಗಿರಬೇಕು ಅಂದರು. ಶಾಲೆಯ ಸತ್ಯನಾರಾಯಣ ಮೇಷ್ಟ್ರು ನನ್ನ ಮುಖ ನೋಡಿದರು, ಮಗುವಿನ ಮುಖ ನೋಡಿದರು, ಪೆನ್ನು ತೆಗೆದರು. ಜೂನ್ ಒಂದು, ಐವತ್ತೆರಡನೇ ಇಸವಿ ಅಂತ ಸರ್ಟಿಫಿಕೇಟು ಬರೆದುಕೊಟ್ಟರು. "ವಿಶಾಲಾಕ್ಷಮ್ಮ, ಇವತ್ತಿಂದ ನೀವು ಹತ್ತು ವರ್ಷ ಚಿಕ್ಕೋರು. ಸಾಯೋವರೆಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡಿ, ನನ್ನ ಕೆಲಸ ಹೋಗುತ್ತೆ" ಅಂದರು. ಬಿಡಲಿಲ್ಲ. ಅರವತ್ತಕ್ಕೆ ನಿವೃತ್ತಿ ಅಂತ ಹಾರ ಹಾಕಿ ಕಳಿಸಿದಾಗ ನನಗೆ ಎಪ್ಪತ್ತಾಗುತ್ತಾ ಬಂದಿತ್ತು. ಪಾಸ್‌ಪೋರ್ಟಿಗೂ ಅದೇ ಸರ್ಟಿಫಿಕೇಟು ಹೋಯಿತು.

ನಿನ್ನ ಲ್ಯಾಬಿನಲ್ಲಿ ಫಾರಂ ತುಂಬುವ ಹುಡುಗಿ ವಯಸ್ಸು ಕೇಳಿದಾಗ "ಪಾಸ್‌ಪೋರ್ಟಲ್ಲಿ ಇರೋದೇ ಬರಿ" ಅಂದವಳು ನಾನೇ. ಅದು ನನ್ನ ತಪ್ಪು, ಒಪ್ಪಿದೆ. ಸುಳ್ಳು ಅಂತ ಗೊತ್ತಾದರೆ ಈ ದೇಶದಿಂದ ಓಡಿಸುತ್ತಾರೆ ಅನ್ನುವ ಭಯ. ಆದರೆ ಫೆಬ್ರವರಿಯಲ್ಲೇ ನೀನು ನನ್ನ ಮುಂದೆ ಕೂತು "ಅಜ್ಜಿ, ಅರವತ್ತೇಳಕ್ಕೆ ನಿನ್ನ ಮಿದುಳು ಸಣ್ಣದಾಯ್ತು" ಅಂತ ಒಂದು ಮಾತು ಅಂದಿದ್ದರೆ, ಆ ಕ್ಷಣವೇ ಹೇಳುತ್ತಿದ್ದೆ. ಮೂರು ತಿಂಗಳ ಅವಮಾನ ತಪ್ಪುತ್ತಿತ್ತು. ಕಂಬ ನನ್ನ ಮಾನ ಹರಾಜು ಹಾಕುವುದು ತಪ್ಪುತ್ತಿತ್ತು.

ಹೇಳಬಾರದು ಅನ್ನುವುದು ನಿಯಮವಂತೆ! ನಿನ್ನ ಮಾವನಿಗೆ ಹೇಳುವಾಗ ಎಲ್ಲಿಗೆ ಹೋಗಿತ್ತು ಆ ನಿಯಮ? ಆ ತಲೆ ಹೊತ್ತವಳೊಬ್ಬಳನ್ನು ಬಿಟ್ಟು ಮಿಕ್ಕವರಿಗೆಲ್ಲ ಹೇಳಬಹುದೇ?

ಅಜ್ಜಿ

*

ಫುಕುವೋಕಾ
17 ಜೂನ್ 2020

ನನ್ನ ಬಂಗಾರದ ಅಜ್ಜಿ,

ನಿನ್ನ ಕಾಗದ ಓದಿದ ಕೂಡಲೇ ಕಂಪ್ಯೂಟರ್ ತೆರೆದೆ. ಎಪ್ಪತ್ತೇಳು ಅಂತ ಹಾಕಿದೆ. ಏನಾಯಿತು ಗೊತ್ತಾ? ನೀನು ಸಾಮಾನ್ಯದ ಗೆರೆಯ ಒಳಗೆ ಬಂದೆ! ನಿನ್ನ ವಯಸ್ಸಿನ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ನೀನು ಸರಿಸುಮಾರು ನಡುವೆ ನಿಲ್ಲುತ್ತೀಯ. ಕಾಯಿಲೆಯ ಗುರುತು ಇಲ್ಲ.

ಮೊರಿತಾ ಸಾನ್‌ಗೆ ಎಲ್ಲ ಒಪ್ಪಿಕೊಂಡೆ. ಮನೆಯವರನ್ನು ಕರೆತಂದದ್ದಕ್ಕೆ, ಅದಕ್ಕಿಂತ ಹೆಚ್ಚಾಗಿ ಮಾವನಿಗೆ ಹೇಳಿದ್ದಕ್ಕೆ ತುಂಬಾ ಬೈದರು. ಜಪಾನೀಯರು ಬೈಯುವುದೂ ಮೆಲ್ಲಗೇ, ಅದು ಇನ್ನೂ ಕಷ್ಟ. ನಿನ್ನ ಚಿತ್ರವನ್ನು ಅಧ್ಯಯನದಿಂದ ತೆಗೆದಿದ್ದಾರೆ.

ಮಾವನಿಗೂ ಫೋನ್ ಮಾಡಿ ಹೇಳಿದೆ. ಮಾವ ಅತ್ತುಬಿಟ್ಟರು. ನಿನ್ನ ಒಲೆ, ನಿನ್ನ ಸಾಹಿತ್ಯ ಎಲ್ಲ ನಿನಗೆ ವಾಪಸು. ಇನ್ನಾದರೂ ನಗು ಅಜ್ಜಿ, ಕೆಟ್ಟ ಕನಸು ಮುಗಿಯಿತು.

ಮೈತ್ರಿ

*

ಕಾಶಿವಾ
25 ಜೂನ್ 2020

ಮೈತ್ರೇಯಿ,

ನಗುವುದಿಲ್ಲ.

ಒಲೆ ವಾಪಸು ಬಂತು. ಲೀಲಾ ಚೀಟಿಗಳನ್ನೆಲ್ಲ ಕಿತ್ತಳು, ಅಂಟು ಇನ್ನೂ ಬಾಗಿಲ ಮೇಲಿದೆ. ನಿನ್ನ ಮಾವ ಕಾಲು ಹಿಡಿಯಲು ಬಂದ, ಹಿಡಿಸಿಕೊಳ್ಳಲಿಲ್ಲ. "ತಪ್ಪು ತಿಳ್ಕೊಂಡಿದ್ವಿ ಅಮ್ಮ. ನಿಂಗೇನೂ ಆಗಿಲ್ಲ" ಅಂದ. ಆ ಮಾತು ಕೇಳಿ ನನಗೆ ಮೊದಲಿಗಿಂತ ಸಿಟ್ಟು ಬಂತು. ನೀನೂ ಅದನ್ನೇ ಕುಣಿದುಕೊಂಡು ಬರೆದಿದ್ದೀಯ.

ನನಗೇನೂ ಆಗಿಲ್ಲ, ಅದಕ್ಕೆ ನಾನು ಮತ್ತೆ ಮನುಷ್ಯಳಾದೆ. ಆಗಿದ್ದಿದ್ದರೆ? ಮೇಷ್ಟ್ರು ನಿಜವಾದ ಇಸವಿಯನ್ನೇ ಬರೆದಿದ್ದು, ನನ್ನ ತಲೆ ನಿಜಕ್ಕೂ ಕೆಟ್ಟಿದ್ದರೆ ನೀವು ಮಾಡಿದ್ದೆಲ್ಲ ಸರಿಯಾಗಿಬಿಡುತ್ತಿತ್ತೇ? ನನ್ನ ಬೆನ್ನ ಹಿಂದೆ ಪಿಸಪಿಸ ಅಂದದ್ದು, ಮುದ್ದು ಮಾಡಿ ಗಡಿಯಾರ ಬರೆಸಲು ನೋಡಿದ್ದು, ಒಂದು ಮಾತೂ ಹೇಳದೆ ಮಗುವನ್ನು ಕಿತ್ತುಕೊಂಡದ್ದು? ನೀವು ಕ್ಷಮೆ ಕೇಳುತ್ತಿರುವುದು ಹತ್ತು ವರ್ಷದ ಲೆಕ್ಕ ತಪ್ಪಿದ್ದಕ್ಕೆ. ನನಗೆ ಸಿಟ್ಟು ಇರುವುದು ಲೆಕ್ಕದ ಮೇಲಲ್ಲ.

ಆ ಮೂರು ತಿಂಗಳು ಹೇಗಿತ್ತು ಅಂತ ನಿನಗೆ ಗೊತ್ತಾ? ಒಂದು ಚಮಚ ಎಲ್ಲಿಟ್ಟೆ ಅಂತ ಹುಡುಕಲು ಹೆದರುತ್ತಿದ್ದೆ. ಯಾರ ಹೆಸರಾದರೂ ನಾಲಿಗೆಯ ತುದಿಗೆ ಬಂದು ನಿಂತರೆ ಕೆಮ್ಮಿ ಮುಚ್ಚಿಕೊಳ್ಳುತ್ತಿದ್ದೆ. ಯಾಕೆ ಹೆದರುತ್ತಿದ್ದೇನೆ ಅನ್ನುವುದೇ ಗೊತ್ತಿರಲಿಲ್ಲ, ನಿಮ್ಮ ಕಣ್ಣು ನೋಡಿ ಹೆದರುತ್ತಿದ್ದೆ. ಕಾಯಿಲೆ ನನಗಿರಲಿಲ್ಲ, ನೀವು ಅಂಟಿಸಿದಿರಿ.

ಇನ್ನು ನನ್ನ ಷರತ್ತು. ಊರಿಗೆ ಹೋಗಲು ವಿಮಾನವಿಲ್ಲ, ಇಲ್ಲೇ ಇರುತ್ತೇನೆ. ಮುಂದಿನ ವರ್ಷ ಬೇಕಾದರೆ ಮತ್ತೆ ಆ ಕೊಳವೆಯಲ್ಲಿ ಮಲಗುತ್ತೇನೆ, ನಿನ್ನ ಲ್ಯಾಬಿನಲ್ಲಲ್ಲ, ಆಸ್ಪತ್ರೆಯಲ್ಲಿ. ಚಿತ್ರದಲ್ಲಿ ಏನು ಕಂಡರೂ ಮೊದಲು ನನಗೆ ಹೇಳಬೇಕು. ಫೋನಿನಲ್ಲಿ ಬೇಡ, ಕನ್ನಡದಲ್ಲಿ ಕಾಗದದ ಮೇಲೆ ಬರಿ, ಮರೆತರೆ ಮತ್ತೆ ಓದಿಕೊಳ್ಳುತ್ತೇನೆ. ನಿನ್ನ ಮಾವನಿಗೆ ಹೇಳುವುದೋ ಬಿಡುವುದೋ ನನಗೆ ಸೇರಿದ್ದು. ಒಪ್ಪಿದರೆ ಬರಿ. ಒಪ್ಪದಿದ್ದರೆ ಮಿಕ್ಕ ಲಕೋಟೆಗಳನ್ನು ಹರಿದುಹಾಕುತ್ತೇನೆ.

ಅಜ್ಜಿ

*

ಫುಕುವೋಕಾ
2 ಜುಲೈ 2020

ಅಜ್ಜಿ, ಒಪ್ಪಿದ್ದೇನೆ.

ಮೈತ್ರೇಯಿ

*

ಫುಕುವೋಕಾ
14 ನವೆಂಬರ್ 2021

ಅಜ್ಜಿ,

ಮಾತು ಕೊಟ್ಟ ಹಾಗೆ ಇದನ್ನು ಮೊದಲು ನಿನಗೇ ಬರೆಯುತ್ತಿದ್ದೇನೆ. ಮಾವನಿಗೆ, ಅಮ್ಮನಿಗೆ, ಯಾರಿಗೂ ಹೇಳಿಲ್ಲ.

ಅಕ್ಟೋಬರಿನಲ್ಲಿ ಕಾಶಿವಾದ ಆಸ್ಪತ್ರೆಯಲ್ಲಿ ತೆಗೆಸಿದ ಚಿತ್ರ ನಿನ್ನ ಒಪ್ಪಿಗೆಯಂತೆ ನನಗೆ ಬಂತು. ಈ ಸಲ ಬೇರೆಯವರ ಜೊತೆ ಹೋಲಿಸಲಿಲ್ಲ. ನಿನ್ನದೇ ಹಳೆಯ ಚಿತ್ರದ ಪಕ್ಕದಲ್ಲಿ ಇಟ್ಟು ನೋಡಿದೆ. ಅದಕ್ಕೆ ವಯಸ್ಸು ಬೇಕಾಗುವುದಿಲ್ಲ.

ಕುಗ್ಗಿದೆ ಅಜ್ಜಿ. ಇಪ್ಪತ್ತು ತಿಂಗಳಲ್ಲಿ ಕುಗ್ಗಬೇಕಾದದ್ದಕ್ಕಿಂತ ಸುಮಾರು ಎರಡರಷ್ಟು. ಎಲ್ಲ ಕಡೆ ಅಲ್ಲ, ನೆನಪಿನ ಜಾಗದಲ್ಲಿ. ಯಂತ್ರ ಬೇರೆಯಾದ್ದರಿಂದ ಸ್ವಲ್ಪ ವ್ಯತ್ಯಾಸ ಬರುತ್ತದೆ, ಆದರೆ ಇಷ್ಟು ಬರುವುದಿಲ್ಲ. ನಾಲ್ಕು ಸಲ ಅಳೆದೆ. ಆಸ್ಪತ್ರೆಯ ಡಾಕ್ಟರರ ಅಭಿಪ್ರಾಯವೂ ಇದೇ. ಕಾಯಿಲೆ ಶುರುವಾಗಿರಬಹುದು. ಹೌದು ಅಂತ ಹೇಳಲು ಇನ್ನೊಂದು ಪರೀಕ್ಷೆ ಬೇಕು. ಎಷ್ಟು ಬೇಗ ಹೆಚ್ಚಾಗುತ್ತದೆ ಅನ್ನುವುದು ಯಾರಿಗೂ ಗೊತ್ತಿಲ್ಲ. ವಾಸಿ ಮಾಡುವ ಔಷಧ ಇಲ್ಲ. ನಿಧಾನ ಮಾಡಲು ಪ್ರಯತ್ನಿಸಬಹುದು.

ಸಮಾಧಾನದ ಮಾತು ಬರೆಯಲು ಹೊರಟೆ, ನೀನು ಬೈಯುತ್ತೀಯ ಅಂತ ನಿಲ್ಲಿಸಿದೆ.

ಮೈತ್ರೇಯಿ

*

ಕಾಶಿವಾ
22 ನವೆಂಬರ್ 2021

ಮೈತ್ರೇಯಿ,

ನಿನ್ನ ಕಾಗದ ಗುರುವಾರ ಬಂತು. ಮೂರು ದಿನ ನನ್ನ ಹಾಸಿಗೆಯ ಕೆಳಗೆ ಇಟ್ಟುಕೊಂಡೆ. ಸಿಟ್ಟು ಬಂದು ಪಾತ್ರೆ ಕುಕ್ಕಿದೆ, ಒಂದು ಬಟ್ಟಲು ಒಡೆಯಿತು. ಯಾರ ಮೇಲೆ ಸಿಟ್ಟು ಅಂತ ನೋಡಿದರೆ ಈ ಸಲ ಮನುಷ್ಯರು ಯಾರೂ ಸಿಗಲಿಲ್ಲ. ಗಂಡನಿಲ್ಲದೆ ಮೂರು ಮಕ್ಕಳನ್ನು ದಡ ಮುಟ್ಟಿಸಿದ ತಲೆ ಇದು. ಇದನ್ನು ತಿನ್ನಲು ಬಂದಿದೆಯಲ್ಲ, ಅದಕ್ಕೆ ಧಿಕ್ಕಾರ.

ನಿನ್ನೆ ಭಾನುವಾರ ತಿಂಡಿಗೆ ಎಲ್ಲರೂ ಕೂತಾಗ ನಾನೇ ಹೇಳಿದೆ. ನಿನ್ನ ಕಾಗದವನ್ನು ಓದಿಯೇ ಹೇಳಿದೆ. ನಿನ್ನ ಮಾವನ ಕೈಯಲ್ಲಿ ದೋಸೆ ಹಾಗೇ ನಿಂತಿತು.

"ಮೈತ್ರಿ ನಂಗ್ಯಾಕೆ ಹೇಳ್ಲಿಲ್ಲ?"

"ತಲೆ ನಂದು ಕಣೋ."

ಲೀಲಾ ಎದ್ದು ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟಳು. "ಕೂತ್ಕೊಳ್ಳೇ. ವಾಲ್ವ್ ಆಮೇಲೆ ಮುಚ್ಚೋಣ. ಯಾವಾಗ ಮುಚ್ಚಬೇಕು ಅಂತ ನಾವಿಬ್ಬರೂ ಕೂತು ಮಾತಾಡೋಣ" ಅಂದೆ. ಕೂತಳು. ಎರಡು ವರ್ಷದಲ್ಲಿ ಮೊದಲ ಸಲ ಸ್ಪೀಕರ್ ಇಲ್ಲದೆ, ಲ್ಯಾಪ್‌ಟಾಪ್ ಇಲ್ಲದೆ, ನನ್ನ ಮುಖ ನೋಡಿ ಮಾತಾಡಿದಳು. "ನಂಗೆ ಭಯ ಅತ್ತೆ" ಅಂದಳು. "ನಂಗೂ" ಅಂದೆ. ಹೊಸ ವರ್ಷದಿಂದ ರಸ್ತೆ ದಾಟಿ ಸಾಹಿತ್ಯಳನ್ನು ಶಾಲೆಗೆ ಬಿಡುವುದು ನಾನಲ್ಲ, ಅವಳು. ಅದನ್ನು ಹೇಳಿದವಳು ನಾನು. ಡಿಸೆಂಬರ್ ಮುಗಿಯುವವರೆಗೆ ನಾನೇ ಬಿಡುತ್ತೇನೆ, ಅದನ್ನು ಒಪ್ಪಿದವಳು ಅವಳು.

ಸಾಹಿತ್ಯ ಎಲ್ಲ ಕೇಳಿಸಿಕೊಂಡು ಕೂತಿದ್ದಳು. "ಅಜ್ಜಿ, ನನ್ನ ನೇಮ್ ಕೂಡ ಮರೀತೀಯಾ?" ನಿನ್ನ ಮಾವ ಅವಳನ್ನು ಗದರಲು ಬಾಯಿ ತೆರೆದ. ನಾನು ಬಿಡಲಿಲ್ಲ. ಮಗುವಿಗೂ ಸುಳ್ಳು ಹೇಳಿ ಶುರುಮಾಡುವುದೇ?

"ಮರೀಬಹುದು ಪುಟ್ಟಿ" ಅಂದೆ. "ಮರೆತಾಗ ನೀನೇ ಹೇಳು. ಎಷ್ಟು ಸಲ ಆದ್ರೂ ಹೇಳು. ನಗಬೇಡ, ಅಷ್ಟೆ."

ಅವಳು ಯೋಚನೆ ಮಾಡಿ "ದೈಜೋಬು" ಅಂದಳು. ಪರವಾಗಿಲ್ಲವಂತೆ.

ಡಿಸೆಂಬರ್ ಎಂಟಕ್ಕೆ ಇನ್ನೊಂದು ಪರೀಕ್ಷೆ. ನೀನು ಬರಬೇಕು, ಡಾಕ್ಟರು ಹೇಳಿದ್ದನ್ನೆಲ್ಲ ಒಂದು ಅಕ್ಷರ ಬಿಡದೆ ನನಗೆ ಕನ್ನಡದಲ್ಲಿ ಹೇಳಬೇಕು. ಅವರು ನನ್ನನ್ನು ಬಿಟ್ಟು ನಿನ್ನ ಮಾವನ ಮುಖ ನೋಡಿಕೊಂಡು ಮಾತಾಡಿದರೆ ಎದ್ದು ಬಂದುಬಿಡುತ್ತೇನೆ. ಹಾಗಂತ ಮೊದಲೇ ಜಪಾನೀಯಲ್ಲಿ ಬರೆದು ಅವರಿಗೆ ಕಳಿಸು. ಮೆಲ್ಲಗೆ ಬರೆಯಬೇಡ.

ಅಜ್ಜಿ